ತಟಸ್ಥ ದೇಶಗಳ ಕುರಿತು ನಾಲ್ಕು ಭಾನುವಾರ: ನಮ್ಮೂರ ವಾಚನಾಲಯದ ಇತಿಹಾಸ ತರಗತಿ

ಬದಿಯಡ್ಕದಿಂದ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿರುವ ನಮ್ಮೂರ ವಾಚನಾಲಯದಲ್ಲಿ, ಕಳೆದ ಫೆಬ್ರವರಿಯ ನಾಲ್ಕು ಭಾನುವಾರಗಳಂದು, ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿ ಉಳಿದ ದೇಶಗಳ ಕುರಿತು ಒಂದು ತರಗತಿ ನಡೆಯಿತು. ಶುಲ್ಕ ಒಬ್ಬರಿಗೆ 300 ರೂಪಾಯಿ. ಅಷ್ಟರಲ್ಲಿ ನಲುವತ್ತು ಪುಟಗಳ ಒಂದು ಟಿಪ್ಪಣಿ ಪುಸ್ತಿಕೆ, ಪ್ರತಿ ವಾರ ಎರಡೂವರೆ ಗಂಟೆಗಳ ಪಾಠ, ಮಧ್ಯದಲ್ಲಿ ಚಾಯ ಮತ್ತು ಅವಲಕ್ಕಿ ಸಿಗುತ್ತವೆ. ಪಾಠ ಹೇಳಿದವರು ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತರಾದ ಮಾಷ್ಟ್ರು. ನಾವು ಇಪ್ಪತ್ತೆರಡು ಮಂದಿ ಇದ್ದೆವು. ಅಡಿಕೆ ಕೃಷಿಕರು, ಇಬ್ಬರು ಅಂಗನವಾಡಿ ಶಿಕ್ಷಕಿಯರು, ಕಾಲೇಜಿನ ಕೆಲವು ಮಕ್ಕಳು, ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ನಾನು. ಮುಂದಿನ ತಂಡಕ್ಕೆ ಸೇರಬೇಕೇ ಎಂದು ನನ್ನಲ್ಲಿ ಕೇಳುವವರು ಹಲವರಿರುವುದರಿಂದ, ತರಗತಿಯಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಭಾನುವಾರ ಬಹುಮಟ್ಟಿಗೆ ಕಾನೂನಿನ ಪಾಠ. 1907ರ ಹೇಗ್ ಒಪ್ಪಂದಗಳು ತಟಸ್ಥ ದೇಶದ ನೆಲವನ್ನು ಯಾರೂ ಮುಟ್ಟಬಾರದೆಂದು ಹೇಳುತ್ತವೆ. ಅದೇ ಉಸಿರಿನಲ್ಲಿ ಆ ದೇಶದ ಮೇಲೆ ಕರ್ತವ್ಯಗಳನ್ನೂ ಹೊರಿಸುತ್ತವೆ. ಯುದ್ಧನಿರತ ಸೈನ್ಯ ತನ್ನ ನೆಲದ ಮೂಲಕ ಹಾದುಹೋಗದಂತೆ ತಡೆಯಬೇಕು, ಒಳಗೆ ಬಂದ ಸೈನಿಕರನ್ನು ಯುದ್ಧ ಮುಗಿಯುವವರೆಗೆ ಬಂಧನದಲ್ಲಿಡಬೇಕು, ಯುದ್ಧನೌಕೆಗಳು ಸಾಮಾನ್ಯವಾಗಿ 24 ಗಂಟೆಗಳಿಗಿಂತ ಹೆಚ್ಚು ಕಾಲ ಬಂದರಿನಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಅನೇಕರು ತಟಸ್ಥ ನೀತಿಯನ್ನೂ ನೆಹರೂ ಕಾಲದ ಅಲಿಪ್ತ ನೀತಿಯನ್ನೂ ಒಂದೇ ಎಂದು ತಿಳಿದಿದ್ದೆವು. ಅಲಿಪ್ತತೆ ಶಾಂತಿಕಾಲದಲ್ಲಿಯೂ ಬಣಗಳಿಂದ ದೂರವಿರುವ ರಾಜಕೀಯ ನಿಲುವು, ತಾಟಸ್ಥ್ಯವಾದರೋ ಯುದ್ಧ ಆರಂಭವಾದ ಕ್ಷಣದಿಂದ ಜಾರಿಗೆ ಬರುವ ಕಾನೂನಿನ ಸ್ಥಾನ, ಎಂದು ಮಾಷ್ಟ್ರು ಬಿಡಿಸಿ ಹೇಳಿದರು. ಈ ವಿಂಗಡಣೆ ಸ್ಪಷ್ಟವಾಗದೆ ಇದ್ದರೆ ಮುಂದಿನ ಮೂರು ವಾರಗಳ ಪಾಠ ಯಾರಿಗೂ ಹಿಡಿತಕ್ಕೆ ಸಿಗುತ್ತಿರಲಿಲ್ಲ.

ಎರಡನೆಯ ವಾರ ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್. ಇದು ನನಗೆ ಅವಸರದ ಪಾಠವಾಗಿ ಕಂಡಿತು. ಸ್ವೀಡನ್ ಜರ್ಮನಿಗೆ ಕಬ್ಬಿಣದ ಅದಿರನ್ನು ಮಾರುತ್ತಿತ್ತು; ಚಳಿಗಾಲದಲ್ಲಿ ಅದರ ಲೂಲಿಯೊ ಬಂದರು ಹೆಪ್ಪುಗಟ್ಟುವುದರಿಂದ ಅದಿರು ನಾರ್ವೆಯ ನಾರ್ವಿಕ್ ಮೂಲಕ ಹೋಗಬೇಕಾಗಿತ್ತು; 1940ರ ಏಪ್ರಿಲಿನಲ್ಲಿ ಜರ್ಮನಿ ನಾರ್ವೆಯ ಮೇಲೆ ಬೀಳಲು ಇದೊಂದು ಮುಖ್ಯ ಕಾರಣ. 1940ರಿಂದ 1943ರ ಆಗಸ್ಟಿನವರೆಗೆ ಜರ್ಮನ್ ಸೈನಿಕರು ಸ್ವೀಡನ್ನಿನ ರೈಲುಗಳಲ್ಲಿ ಓಡಾಡಿದರು. ಅದೇ 1943ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನಿಂದ ದೋಣಿಗಳಲ್ಲಿ ತಪ್ಪಿಸಿಕೊಂಡು ಬಂದ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳಿಗೆ ಆಶ್ರಯ ಕೊಟ್ಟದ್ದೂ ಸ್ವೀಡನ್ನೇ. ಸ್ವಿಟ್ಜರ್ಲೆಂಡಿನ ಸೇನಾಪತಿ ಆನ್ರಿ ಗಿಸಾನ್ ಸೈನ್ಯವನ್ನು ಆಲ್ಪ್ಸ್ ಪರ್ವತಗಳ ಒಳಕೋಟೆಗೆ ಸೇರಿಸಿಕೊಂಡದ್ದು, ಆ ದೇಶದ ಕೇಂದ್ರ ಬ್ಯಾಂಕು ಜರ್ಮನಿಯಿಂದ ಚಿನ್ನ ಕೊಂಡದ್ದು, 1942ರ ಆಗಸ್ಟಿನಲ್ಲಿ ನಿರಾಶ್ರಿತರಿಗೆ ಗಡಿ ಮುಚ್ಚಿದ್ದು, ಇವೆಲ್ಲವೂ ಒಂದೇ ಗಂಟೆಯಲ್ಲಿ ಬಂದುಹೋದವು. ಇಷ್ಟೊಂದು ವಿಷಯವನ್ನು ಒಂದು ಸಂಜೆಗೆ ತುಂಬಿಸಬಾರದಾಗಿತ್ತು.

ತರಗತಿಯ ನಿಜವಾದ ಬೆಲೆ ಗೊತ್ತಾಗುವುದು ಐರ್ಲೆಂಡಿಗೆ ಮೀಸಲಾದ ಕೊನೆಯ ಎರಡು ವಾರಗಳಲ್ಲಿ. ಎಲ್ಲ ಬಿಟ್ಟು ಐರ್ಲೆಂಡನ್ನೇ ಏಕೆ ಆರಿಸಿದರೆಂಬುದು ಮೂರನೆಯ ಭಾನುವಾರದ ಮೊದಲ ಹತ್ತು ನಿಮಿಷಗಳಲ್ಲಿಯೇ ತಿಳಿಯಿತು. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತ ಯುದ್ಧದಲ್ಲಿದೆ ಎಂದು ಘೋಷಿಸಿದಾಗ ಇಲ್ಲಿನ ನಾಯಕರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ನಮ್ಮ ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಪ್ರಾಂತ್ಯದ ರಾಜಾಜಿ ಸರಕಾರ ಅಕ್ಟೋಬರಿನ ಕೊನೆಯಲ್ಲಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟಿತು, ಆದರೆ ಯುದ್ಧ ನಮ್ಮ ಹಿರಿಯರ ಮೇಲೆ ಬಂದು ಕುಳಿತಾಗಿತ್ತು. ಅದೇ ವಾರ, ಅದೇ ಬ್ರಿಟಿಷ್ ಕಾಮನ್‌ವೆಲ್ತಿಗೆ ಸೇರಿದ್ದ ಐರ್ಲೆಂಡಿನ ಸಂಸತ್ತು ಸೆಪ್ಟೆಂಬರ್ 2ರಂದು ಸೇರಿ, ದೇಶ ಯುದ್ಧದಿಂದ ಹೊರಗುಳಿಯಬೇಕೆಂಬ ಪ್ರಧಾನಿ ಏಮನ್ ಡಿ ವಲೇರಾ ಅವರ ನಿಲುವನ್ನು ಒಪ್ಪಿಕೊಂಡು, ರಾಷ್ಟ್ರೀಯ ತುರ್ತು ಪರಿಸ್ಥಿತಿಯನ್ನು ಸಾರಿತು. ಅಲ್ಲಿನ ಜನ ಇಂದಿಗೂ ಆ ಆರು ವರ್ಷಗಳನ್ನು ‘ತುರ್ತು ಪರಿಸ್ಥಿತಿ’ ಎಂದೇ ಕರೆಯುತ್ತಾರೆ. ಒಂದೇ ಚಕ್ರವರ್ತಿಯ ಹೆಸರಿನಲ್ಲಿದ್ದ ಎರಡು ನೆಲಗಳಲ್ಲಿ ಒಂದಕ್ಕೆ ಇಲ್ಲವೆನ್ನುವ ಅಧಿಕಾರವಿತ್ತು, ಇನ್ನೊಂದಕ್ಕೆ ಇರಲಿಲ್ಲ.

ಆ ಅಧಿಕಾರ ಬಂದದ್ದು ಎಲ್ಲಿಂದ ಎಂಬುದನ್ನು ಮಾಷ್ಟ್ರು ಮೂರು ಬಂದರುಗಳ ಮೂಲಕ ವಿವರಿಸಿದರು. ಬ್ರಿಟನ್ನಿನೊಂದಿಗಿನ 1921ರ ಒಪ್ಪಂದದ ಪ್ರಕಾರ ಕೋವ್, ಬೆರೆಹೇವನ್ ಮತ್ತು ಲಾಕ್ ಸ್ವಿಲ್ಲಿ ಬಂದರುಗಳಲ್ಲಿ ಬ್ರಿಟಿಷ್ ನೌಕಾಪಡೆಯ ನೆಲೆ ಉಳಿದಿತ್ತು. ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್ ಜೊತೆ ನಡೆಸಿದ ಮಾತುಕತೆಯಲ್ಲಿ ಡಿ ವಲೇರಾ 1938ರ ಏಪ್ರಿಲಿನಲ್ಲಿ ಅವುಗಳನ್ನು ಮರಳಿ ಪಡೆದರು. ಚರ್ಚಿಲ್ ಆಗಲೇ ಅದನ್ನು ಕಟುವಾಗಿ ವಿರೋಧಿಸಿದ್ದರು. ಆ ಬಂದರುಗಳು ಬ್ರಿಟನ್ನಿನ ಕೈಯಲ್ಲಿ ಉಳಿದಿದ್ದರೆ ಅಲ್ಲಿಂದ ಹೊರಡುವ ಹಡಗುಗಳ ಮೇಲೆ ಜರ್ಮನಿಯ ದಾಳಿ ನಡೆಯುತ್ತಿತ್ತು, ಐರ್ಲೆಂಡ್ ಬಯಸಿದರೂ ತಟಸ್ಥವಾಗಿರಲು ಆಗುತ್ತಿರಲಿಲ್ಲ. ಯುದ್ಧ ಸುರುವಾಗುವುದಕ್ಕೆ ಒಂದೂವರೆ ವರ್ಷ ಮೊದಲೇ ಈ ನೀತಿಗೆ ಅಡಿಗಲ್ಲು ಬಿದ್ದಿತ್ತು ಎಂಬುದನ್ನು ನಾನು ಈ ತರಗತಿಯಲ್ಲಿ ಮೊದಲ ಬಾರಿಗೆ ಅರಿತೆ.

ಅನಂತರ ಮಾಷ್ಟ್ರು ಮೇಜಿನ ಮೇಲೆ ಒಂದು ಸಣ್ಣ ಡಿಜಿಟಲ್ ತಕ್ಕಡಿಯನ್ನಿಟ್ಟು, ಹಳೆಯ ಪತ್ರಿಕೆಯ ಚೂರಿನ ಮೇಲೆ ಚಾಹುಡಿಯನ್ನು ಚಮಚದಿಂದ ಸುರಿಯುತ್ತಾ ಹೋದರು. ಅಂಕಿ 14 ಗ್ರಾಮಿಗೆ ಬಂದಾಗ ನಿಲ್ಲಿಸಿ, ಕಾಗದವನ್ನು ಮಡಚದೆ ಎಲ್ಲರ ಕೈಗೂ ದಾಟಿಸಿದರು. ಅದು ಐರ್ಲೆಂಡಿನಲ್ಲಿ ಯುದ್ಧಕಾಲದ ಅತಿ ಬಿಗಿಯಾದ ದಿನಗಳಲ್ಲಿ ಒಬ್ಬ ವ್ಯಕ್ತಿಗೆ ಒಂದು ವಾರಕ್ಕೆ ಕೊಡುತ್ತಿದ್ದ ಪಡಿತರ, ಅರ್ಧ ಔನ್ಸು. ನನ್ನ ಬಳಿ ಬಂದಾಗ ಆ ಕಾಗದದ ನಡುವೆ ಒಂದು ಸಣ್ಣ ಗುಪ್ಪೆಯಷ್ಟೇ ಇತ್ತು. ಬೆರಳಿನಿಂದ ಹರಡಿದರೆ ಕೆಳಗಿನ ಅಕ್ಷರಗಳನ್ನು ಓದಬಹುದಾಗಿತ್ತು. ‘ಇಷ್ಟು ಹುಡಿಯಲ್ಲಿ ನಮ್ಮ ಮನೆಯಲ್ಲಿ ಎರಡು ದಿನ ಕೂಡ ಕಳೆಯಲಿಕ್ಕಿಲ್ಲ ಮಾಷ್ಟ್ರೇ’ ಎಂದು ಹಿಂದಿನ ಸಾಲಿನ ಅಕ್ಕ ಒಬ್ಬರು ಹೇಳಿದರು. ಯುದ್ಧಕ್ಕೆ ಇಳಿದಿದ್ದ ಬ್ರಿಟನ್ನಿನವರಿಗೆ ಇದರ ನಾಲ್ಕರಷ್ಟು, ಎರಡು ಔನ್ಸು ಸಿಗುತ್ತಿತ್ತು. ಐರ್ಲೆಂಡಿಗೆ ಚಹಾ ಬರುತ್ತಿದ್ದದ್ದು ಬ್ರಿಟನ್ನಿನ ಮೂಲಕ; ತಟಸ್ಥ ದೇಶದ ಮೇಲೆ ಒತ್ತಡ ಹೇರಲು ಬ್ರಿಟನ್ ಆ ಪೂರೈಕೆಯನ್ನು ಕುಗ್ಗಿಸಿತು. ಸ್ವಂತ ಹಡಗುಗಳೇ ಇಲ್ಲದಂತಿದ್ದ ದೇಶ 1941ರ ಮಾರ್ಚಿನಲ್ಲಿ ತನ್ನದೇ ಹಡಗು ಕಂಪೆನಿಯನ್ನು ಹುಟ್ಟುಹಾಕಬೇಕಾಯಿತು. ಕಲ್ಲಿದ್ದಲು ಬಾರದೆ ರೈಲುಗಳು ತೆವಳಿದವು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಒಲೆಗೆ ಬೇಕಾದ ಜೌಗುಮಣ್ಣಿನ ಒಣಹೆಂಟೆಗಳನ್ನು ಬೆಟ್ಟದಂತೆ ಒಟ್ಟಿದರು. ಅಡಿಗೆ ಅನಿಲವನ್ನು ದಿನದ ಕೆಲವೇ ಗಂಟೆ ಬಿಡುತ್ತಿದ್ದರು, ಉಳಿದ ಹೊತ್ತು ಕೊಳವೆಯಲ್ಲಿ ಉಳಿದ ಮಿಣುಕು ಉರಿಯಲ್ಲಿ ಯಾರಾದರೂ ನೀರು ಕಾಯಿಸಿದ್ದಾರೆಯೇ ಎಂದು ತಿಳಿಯಲು ಇನ್‌ಸ್ಪೆಕ್ಟರ್ ಮನೆಗೆ ಬಂದು ಒಲೆಯ ಬಳೆಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದನು.

ಪಾಠದ ಈ ಭಾಗವನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಯುದ್ಧಕ್ಕೆ ಸೇರದಿರುವುದೆಂದರೆ ಸುಮ್ಮನೆ ಕುಳಿತಿರುವುದು ಎಂಬ ನನ್ನ ಕಲ್ಪನೆ ಆ 14 ಗ್ರಾಮಿನ ಮುಂದೆ ನಿಲ್ಲಲಿಲ್ಲ. ಸುಮಾರು 30 ಲಕ್ಷ ಜನ, ಎಂದರೆ 2011ರ ಜನಗಣತಿಯಲ್ಲಿ 13 ಲಕ್ಷವಿದ್ದ ನಮ್ಮ ಜಿಲ್ಲೆಯ ಎರಡೂಕಾಲು ಪಾಲಿನಷ್ಟು ಜನ, ಇಡೀ ಯುದ್ಧಕಾಲದುದ್ದಕ್ಕೂ ಅಡಿಗೆಮನೆಯಲ್ಲಿ, ರಸ್ತೆಯಲ್ಲಿ, ಪತ್ರಿಕೆಯ ಪುಟದಲ್ಲಿ ಈ ನೀತಿಗೆ ಬೆಲೆ ತೆತ್ತರು.

ಪತ್ರಿಕೆಗಳ ಕುರಿತು ಒಂದು ಅಭ್ಯಾಸವೂ ಇತ್ತು. ಮಾಷ್ಟ್ರು ತಾವೇ ಬರೆದ ಹತ್ತು ಸಾಲುಗಳ ಸುದ್ದಿಯೊಂದನ್ನು ಹಂಚಿ, ನೀಲಿ ಪೆನ್ಸಿಲಿನಿಂದ ಯಾವ ಪಕ್ಷಕ್ಕೂ ಒಲವು ತೋರುವ ಮಾತುಗಳನ್ನು ಹೊಡೆದುಹಾಕಲು ಹೇಳಿದರು. ‘ಕ್ರೂರ ದಾಳಿ’ ಹೋಯಿತು, ‘ವೀರ ನಾವಿಕರು’ ಹೋಯಿತು, ಕೊನೆಗೆ ‘ನಾಳೆ ಪಶ್ಚಿಮದಿಂದ ಮಳೆ’ ಎಂಬ ಸಾಲನ್ನು ನಾವೆಲ್ಲರೂ ಹಾಗೆಯೇ ಬಿಟ್ಟಿದ್ದೆವು. ಅದನ್ನೂ ಹೊಡೆಯಬೇಕಾಗಿತ್ತು. ಫ್ರಾಂಕ್ ಐಕನ್ ಎಂಬ ಸಚಿವರ ಅಧೀನದಲ್ಲಿದ್ದ ಸೆನ್ಸಾರ್ ವ್ಯವಸ್ಥೆ ಐರ್ಲೆಂಡಿನ ಪತ್ರಿಕೆಗಳಲ್ಲಿ ಹವಾಮಾನ ವರದಿಯನ್ನೂ ಬಿಡುತ್ತಿರಲಿಲ್ಲ, ಏಕೆಂದರೆ ಅದು ವಿಮಾನ ಹಾರಿಸುವವರಿಗೆ ನೆರವಾಗುತ್ತದೆ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿ ಮೋಡ ನೋಡುವ ನಮಗೆ ಇದರ ಭಾರ ತಟ್ಟನೆ ಗೊತ್ತಾಯಿತು. ಆದರೆ ತನ್ನ ರೈತರಿಗೆ ಮುಚ್ಚಿಟ್ಟ ಅದೇ ಹವಾಮಾನವನ್ನು ಐರ್ಲೆಂಡ್ ಬ್ರಿಟನ್ನಿಗೆ ದಿನವೂ ಕಳುಹಿಸುತ್ತಿತ್ತು. ಮೇಯೋ ಪ್ರಾಂತ್ಯದ ಬ್ಲ್ಯಾಕ್‌ಸಾಡ್ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಮೌರೀನ್ ಫ್ಲಾವಿನ್ ಎಂಬಾಕೆ, ತನ್ನ 21ನೆಯ ಹುಟ್ಟುಹಬ್ಬದ ದಿನವಾದ 1944ರ ಜೂನ್ 3ರಂದು, ವಾಯುಭಾರಮಾಪಕದ ಒತ್ತಡ ವೇಗವಾಗಿ ಇಳಿಯುತ್ತಿದೆ ಎಂದು ವರದಿ ಮಾಡಿದಳು. ಇಂಗ್ಲೆಂಡಿನಿಂದ ಮತ್ತೆ ಮತ್ತೆ ಫೋನು ಬಂದಿತು, ಅಂಕಿಗಳನ್ನು ಪರೀಕ್ಷಿಸಿ ತಿರುಗಿ ಹೇಳೆಂದು. ಫ್ರಾನ್ಸಿನ ನಾರ್ಮಂಡಿ ತೀರದ ಮೇಲಿನ ಮಿತ್ರಪಕ್ಷದ ದಾಳಿ ಜೂನ್ 5ರಿಂದ 6ಕ್ಕೆ ಮುಂದೆ ಹೋಗುವುದರಲ್ಲಿ ಆ ವರದಿಗೆ ದೊಡ್ಡ ಪಾಲಿತ್ತು. ಆಕೆಗೆ ಅದು ತಿಳಿದದ್ದು ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ.

ಹೊರಗೆ ಸಮದೂರ, ಒಳಗೆ ಬ್ರಿಟನ್ನಿನ ಕಡೆಗೆ ವಾಲಿದ ಸಹಕಾರ, ಇದು ನಾಲ್ಕನೆಯ ವಾರದ ವಿಷಯ. ಬ್ರಿಟಿಷ್ ಸಮುದ್ರವಿಮಾನಗಳು ಲಾಕ್ ಅರ್ನ್ ಸರೋವರದಿಂದ ಅಟ್ಲಾಂಟಿಕ್ ತಲುಪಲು ಡೊನೆಗಾಲ್ ಪ್ರಾಂತ್ಯದ ಆಕಾಶವನ್ನು ಬಳಸಲು ಗುಟ್ಟಾಗಿ ಒಪ್ಪಿಗೆಯಿತ್ತು. ಐರ್ಲೆಂಡಿನಲ್ಲಿ ಬಿದ್ದ ಜರ್ಮನ್ ವಿಮಾನ ಸೈನಿಕರು ಕರ‍್ರಾ ಶಿಬಿರದಲ್ಲಿಯೇ ಉಳಿದರು. ಮಿತ್ರಪಕ್ಷದವರಲ್ಲಿ ಹೆಚ್ಚಿನವರನ್ನು ಯುದ್ಧ ನಡೆಯುತ್ತಿದ್ದಾಗಲೇ, ಅದರ ಕೊನೆಯ ವರ್ಷಗಳಲ್ಲಿ, ಸದ್ದಿಲ್ಲದೆ ಬ್ರಿಟನ್ನಿಗೆ ಸೇರಿದ್ದ ಉತ್ತರ ಐರ್ಲೆಂಡಿನ ಗಡಿ ದಾಟಿಸಿದರು. ಆದರೂ ನಿಯಮಕ್ಕೆ ಒಂದು ಮರ್ಯಾದೆಯಿತ್ತು. 1941ರ ಡಿಸೆಂಬರಿನಲ್ಲಿ ಬಡ್ ವುಲ್ಫ್ ಎಂಬ ಅಮೆರಿಕನ್ ವಿಮಾನಿ ಆ ಶಿಬಿರದಿಂದ ಹೊರಗೆ ಹೋಗುವಾಗ ಕೊಟ್ಟ ಮಾತನ್ನು ಮುರಿದು ಬೆಲ್‌ಫಾಸ್ಟ್ ತಲುಪಿದಾಗ, ಅವನು ಯಾರ ಪರ ಹೋರಾಡುತ್ತಿದ್ದನೋ ಆ ಬ್ರಿಟಿಷರೇ ಅವನನ್ನು ಐರ್ಲೆಂಡಿನ ಬಂಧನಕ್ಕೆ ಹಿಂದಕ್ಕೆ ಕಳುಹಿಸಿದರು.

ಗಡಿಯ ಮಾತು ಬಂದಾಗ ತರಗತಿಯ ಸ್ವರ ಬದಲಾಯಿತು. ಒಂದೇ ದ್ವೀಪದ ದಕ್ಷಿಣ ಭಾಗ ಶಾಂತಿಯಲ್ಲಿ, ಉತ್ತರ ಭಾಗ ಯುದ್ಧದಲ್ಲಿ. ನಡುವೆ ಹೊಲ, ಹಟ್ಟಿ, ಮನೆಗಳ ನಡುವಿನಿಂದ ಹೋಗುವ ಗೆರೆ. ಚಹಾ, ಬಿಳಿ ಹಿಟ್ಟು ತೆಂಕಕ್ಕೆ, ಬೆಣ್ಣೆ ಬಡಗಕ್ಕೆ ಕಳ್ಳದಾರಿಯಲ್ಲಿ ಸಾಗುತ್ತಿದ್ದವು. ಮಂಗಳೂರಿನ ಆಸ್ಪತ್ರೆ, ಪುತ್ತೂರಿನ ಸಂಬಂಧ, ವಿಟ್ಲದ ಸಂತೆ ಎಂದು ದಿನಬೆಳಗಾದರೆ ರಾಜ್ಯ ದಾಟುವ ನಮಗೆ, 2020ರಲ್ಲಿ ತಲಪಾಡಿಯ ದಾರಿ ಮುಚ್ಚಿದ ದಿನಗಳನ್ನು ಕಂಡ ನಮಗೆ, ಇಂಥ ಗೆರೆಯನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. 1940ರ ಜೂನಿನಲ್ಲಿ ಬ್ರಿಟನ್ ತನ್ನ ಸಚಿವ ಮಾಲ್ಕಮ್ ಮ್ಯಾಕ್‌ಡೊನಾಲ್ಡರನ್ನು ಡಬ್ಲಿನ್ನಿಗೆ ಕಳುಹಿಸಿ, ಐರ್ಲೆಂಡ್ ಯುದ್ಧಕ್ಕೆ ಸೇರಿದರೆ ದ್ವೀಪದ ಏಕೀಕರಣವನ್ನು ತಾತ್ವಿಕವಾಗಿ ಒಪ್ಪುವುದಾಗಿ ಹೇಳಿಸಿತು. ಬದುಕಿನುದ್ದಕ್ಕೂ ಏಕೀಕರಣಕ್ಕಾಗಿ ಹಂಬಲಿಸಿದ ಡಿ ವಲೇರಾ ಅದನ್ನು ನಿರಾಕರಿಸಿದರು. ಉತ್ತರದ ಸರಕಾರ ಒಪ್ಪುತ್ತದೆಂಬ ಭರವಸೆ ಆ ಪ್ರಸ್ತಾವದಲ್ಲಿರಲಿಲ್ಲ, ಕೈಯಲ್ಲಿದ್ದ ಶಾಂತಿಯನ್ನು ಮುಂದೆಂದೋ ಬರಬಹುದಾದ ನೆಲಕ್ಕೆ ಕೊಡಲು ಅವರು ಸಿದ್ಧರಿರಲಿಲ್ಲ.

ನಿಮ್ಮಲ್ಲಿ ಯಾರು ಒಪ್ಪುತ್ತಿದ್ದಿರಿ ಎಂದು ಮಾಷ್ಟ್ರು ಕೇಳಿದರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ, ಏಕೀಕರಣವೆಂಬ ಪದವನ್ನು ಮನೆಮನೆಯಲ್ಲಿ ಕೇಳುತ್ತಾ ಬೆಳೆದ ನಾವು, ತುಂಬ ಹೊತ್ತು ಮಾತಾಡಲಿಲ್ಲ. ಹಿರಿಯರಲ್ಲಿ ಐದಾರು ಮಂದಿ ಕೈ ಎತ್ತಿದರು. ಕಾಲೇಜಿನ ಹುಡುಗಿಯೊಬ್ಬಳು, ಸೈನ್ಯಕ್ಕೆ ಹೋಗಬೇಕಾದವರು ನಮ್ಮ ವಯಸ್ಸಿನವರಲ್ಲವೇ ಎಂದು ಕೇಳಿದಳು. ಚರ್ಚೆ ಮುಕ್ಕಾಲು ಗಂಟೆ ನಡೆಯಿತು, ಮಾಷ್ಟ್ರು ಒಮ್ಮೆಯೂ ತಮ್ಮ ಅಭಿಪ್ರಾಯವನ್ನು ಹೇರಲಿಲ್ಲ. ನಾನು ಕೈ ಎತ್ತಲಿಲ್ಲ. ಡಿ ವಲೇರಾ ಆ ದಿನ ಸರಿಯಾಗಿಯೇ ನಡೆದುಕೊಂಡರೆಂಬುದು ನನ್ನ ನಂಬಿಕೆ.

1941ರ ಏಪ್ರಿಲ್ 15ರ ರಾತ್ರಿ ಜರ್ಮನ್ ವಿಮಾನಗಳು ಬೆಲ್‌ಫಾಸ್ಟ್ ಮೇಲೆ ಬಾಂಬು ಸುರಿದು ಸುಮಾರು 900 ಜನರನ್ನು ಕೊಂದವು. ನಸುಕಿನಲ್ಲಿ ಸಹಾಯದ ಕರೆ ಬಂದಾಗ ಡಿ ವಲೇರಾ ಡಬ್ಲಿನ್, ಡನ್ ಲೇರಿ, ಡ್ರೊಹೆಡ, ಡಂಡಾಕ್ ಊರುಗಳಿಂದ 13 ಅಗ್ನಿಶಾಮಕ ವಾಹನಗಳನ್ನು ಗಡಿಯಾಚೆಗೆ ಕಳುಹಿಸಿದರು. ಯುದ್ಧನಿರತ ನೆಲಕ್ಕೆ ತಟಸ್ಥ ದೇಶದ ನೌಕರರು ಹೋದದ್ದು ಜರ್ಮನಿಯ ಸಿಟ್ಟಿಗೆ ಕಾರಣವಾಗಬಹುದಾಗಿತ್ತು. ಅವರೂ ನಮ್ಮ ಜನರೇ ಎಂದು ಡಿ ವಲೇರಾ ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಹೇಳಿದರು. ಮೇ 31ರ ನಸುಕಿನಲ್ಲಿ ಡಬ್ಲಿನ್ನಿನ ನಾರ್ತ್ ಸ್ಟ್ರ್ಯಾಂಡ್ ಮೇಲೆಯೂ ಜರ್ಮನ್ ಬಾಂಬು ಬಿದ್ದು 28 ಮಂದಿ ಸತ್ತರು. ಯುದ್ಧದ ಬಳಿಕ ಪಶ್ಚಿಮ ಜರ್ಮನಿ ಅದಕ್ಕೆ ಪರಿಹಾರ ಕೊಟ್ಟಿತು. ಬೆಲ್‌ಫಾಸ್ಟಿನ ದಾರಿಯಲ್ಲಿ ತೆರೆದ ವಾಹನದ ಅಂಚು ಹಿಡಿದು, ಚಳಿಯಲ್ಲಿ ಮೈ ಮರಗಟ್ಟಿ ಹೋದ ಆ ಅಗ್ನಿಶಾಮಕ ನೌಕರರ ಪ್ರಸಂಗವನ್ನು ಹೇಳುವಾಗ ಮಾಷ್ಟ್ರ ದನಿ ತಗ್ಗಿತು, ನಮ್ಮಲ್ಲಿ ಯಾರೂ ಅಲುಗಾಡಲಿಲ್ಲ.

ಇನ್ನು ಕೊರತೆಗಳು. ಟಿಪ್ಪಣಿ ಪುಸ್ತಿಕೆಯ ಅಕ್ಷರಗಳು ಬಹಳ ಚಿಕ್ಕವು, ವಯಸ್ಸಾದವರು ಕಷ್ಟಪಟ್ಟರು. ಐರ್ಲೆಂಡಿನ ಭೂಪಟ ನೆರಳಚ್ಚಿನಲ್ಲಿ ಕಪ್ಪಾಗಿ, ಎಲ್ಲಕ್ಕಿಂತ ಅಗತ್ಯವಾದ ಗಡಿಗೆರೆಯೇ ಕಾಣುತ್ತಿರಲಿಲ್ಲ. ಮೂರನೆಯ ವಾರ ಕರೆಂಟು ಹೋಗಿ ಪ್ರೊಜೆಕ್ಟರ್ ನಿಂತಿತು. ಸಂಘಟಕರ ಬಳಿ ಬದಲಿ ವ್ಯವಸ್ಥೆ ಇರಲಿಲ್ಲ. ತರಗತಿ ಬಿಡುವ ಹೊತ್ತಿಗೂ ಪೆರ್ಲದ ಕಡೆಯ ಬಸ್ಸಿಗೂ ಐದು ನಿಮಿಷದ ಅಂತರವಷ್ಟೇ ಇರುವುದರಿಂದ ಆ ಕಡೆಯವರು ಕೊನೆಯ ಚರ್ಚೆಯನ್ನು ಬಿಟ್ಟೇ ಹೋಗಬೇಕಾಯಿತು. ಇವೆಲ್ಲ ಸುಲಭವಾಗಿ ಸರಿಪಡಿಸಬಹುದಾದ ಸಂಗತಿಗಳು.

ನನ್ನ ಗಂಭೀರ ಆಕ್ಷೇಪವಿರುವುದು ಬೇರೆ ಕಡೆ. ಆಶ್ರಯ ಬೇಡಿದ ಯಹೂದಿಗಳನ್ನು ತಟಸ್ಥ ದೇಶಗಳು ಹೇಗೆ ನಡೆಸಿಕೊಂಡವು ಎಂಬ ಪ್ರಶ್ನೆಗೆ ನಾಲ್ಕು ವಾರಗಳಲ್ಲಿ ಸಿಕ್ಕಿದ್ದು ಒಟ್ಟು ಇಪ್ಪತ್ತು ನಿಮಿಷ. 1938ರಲ್ಲಿ ಜರ್ಮನ್ ಯಹೂದಿಗಳ ಪಾಸ್‌ಪೋರ್ಟುಗಳ ಮೇಲೆ ‘ಜೆ’ ಅಕ್ಷರದ ಮುದ್ರೆ ಬಂದದ್ದು ಸ್ವಿಟ್ಜರ್ಲೆಂಡಿನೊಂದಿಗಿನ ಮಾತುಕತೆಯಿಂದ. ಅದರ ಗಡಿಯಲ್ಲಿ ಸಾವಿರಾರು ಜನರನ್ನು ಹಿಂದಕ್ಕೆ ಅಟ್ಟಲಾಯಿತು. ಐರ್ಲೆಂಡ್ ಒಳಗೆ ಬಿಟ್ಟುಕೊಂಡ ಯಹೂದಿ ನಿರಾಶ್ರಿತರು ಬಹಳ ಕಡಿಮೆ. 1939ರವರೆಗೆ ಬರ್ಲಿನ್ನಿನಲ್ಲಿ ಅದರ ಪ್ರತಿನಿಧಿಯಾಗಿದ್ದ ಚಾರ್ಲ್ಸ್ ಬ್ಯೂಲಿ ಯಹೂದಿಗಳನ್ನು ದ್ವೇಷಿಸುತ್ತಿದ್ದವನು. 1945ರ ಮೇ 2ರಂದು, ಬೆಲ್ಸೆನ್ ಮತ್ತು ಬುಖೆನ್‌ವಾಲ್ಡ್ ಎಂಬ ನಾಜಿ ಯಾತನಾ ಶಿಬಿರಗಳ ಸುದ್ದಿ ಜಗತ್ತಿಗೆ ತಿಳಿದಿದ್ದಾಗ, ಹಿಟ್ಲರನ ಸಾವಿಗೆ ಸಂತಾಪ ಸೂಚಿಸಲು ಡಿ ವಲೇರಾ ಜರ್ಮನ್ ಪ್ರತಿನಿಧಿ ಹೆಂಪೆಲ್ ಅವರ ಬಳಿಗೆ ಹೋದರು. ರೂಸ್‌ವೆಲ್ಟ್ ತೀರಿಕೊಂಡಾಗ ತೋರಿದ ಶಿಷ್ಟಾಚಾರವನ್ನೇ ಇಲ್ಲಿಯೂ ಪಾಲಿಸಿದೆ ಎಂಬುದು ಅವರ ಸಮರ್ಥನೆ. ಬಂದರುಗಳ ವಿಷಯದಲ್ಲಿ, ಬೆಲ್‌ಫಾಸ್ಟಿನ ವಿಷಯದಲ್ಲಿ ಅವರನ್ನು ಮನಸಾರೆ ಮೆಚ್ಚುವ ನಾನು ಈ ಭೇಟಿಯನ್ನು ಒಪ್ಪಲಾರೆ. ಅಗ್ನಿಶಾಮಕ ವಾಹನಗಳನ್ನು ಕಳುಹಿಸುವಾಗ ನಿಯಮವನ್ನು ಬದಿಗಿಡಲು ಅವರಿಗೆ ಸಾಧ್ಯವಾಗಿತ್ತು. ಆ ಸಾವಿನ ಮುಂದೆ ಮನೆಯಲ್ಲಿ ಕುಳಿತಿರಲು ಸಾಧ್ಯವಿರಲಿಲ್ಲವೇ? ಈ ಪ್ರಶ್ನೆಯನ್ನು ಕೇಳುವ ಹೊತ್ತಿಗೆ ಗೋಡೆಯ ಗಡಿಯಾರ ಆರು ದಾಟಿತ್ತು.

ಬ್ರಿಟಿಷ್ ಸೈನ್ಯ ಸೇರಲು ಐರ್ಲೆಂಡಿನ ಸೇನೆಯನ್ನು ಬಿಟ್ಟುಹೋದ ಸುಮಾರು ಐದು ಸಾವಿರ ಸೈನಿಕರ ಕಥೆಯೂ ಹೀಗೆಯೇ ಒಂದು ವಾಕ್ಯದಲ್ಲಿ ಮುಗಿಯಿತು. 1945ರಲ್ಲಿ ಅವರನ್ನು ವಜಾ ಮಾಡಿ, ಏಳು ವರ್ಷ ಸರಕಾರಿ ಕೆಲಸ ಸಿಗದಂತೆ ಮಾಡಿದರು, ಕಾನೂನಿನ ಮೂಲಕ ಕ್ಷಮೆ ಸಿಕ್ಕಿದ್ದು 2013ರಲ್ಲಿ. ಅಷ್ಟರಲ್ಲಿ ಅವರಲ್ಲಿ ಬಹುತೇಕರು ತೀರಿಹೋಗಿದ್ದರು.

ಒಟ್ಟಿನಲ್ಲಿ, 300 ರೂಪಾಯಿಗೆ ಕನ್ನಡದಲ್ಲಿ, ಊರಿನಲ್ಲಿಯೇ, ಇಷ್ಟು ಶ್ರದ್ಧೆಯಿಂದ ಸಿದ್ಧಪಡಿಸಿದ ತರಗತಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಹೋಗುವವರು ಕನ್ನಡಕವನ್ನೂ ಒಂದು ಒಳ್ಳೆಯ ಭೂಪಟವನ್ನೂ ಜೊತೆಗೆ ಒಯ್ಯಲಿ, ಎರಡನೆಯ ವಾರಕ್ಕೆ ಮೊದಲು ಪುಸ್ತಿಕೆಯ ಸ್ವೀಡನ್ ಭಾಗವನ್ನು ಓದಿಕೊಂಡಿರಲಿ. ನಿರಾಶ್ರಿತರ ವಿಷಯದ ಬಗ್ಗೆ ನನ್ನ ದೂರನ್ನು ಮಾಷ್ಟ್ರಲ್ಲಿಯೇ ಹೇಳಿದೆ. ಅವರು ಪೂರ್ತಿ ಕೇಳಿ, ತಮ್ಮ ಟಿಪ್ಪಣಿಯ ಕೊನೆಯ ಪುಟದಲ್ಲಿ ಬರೆದುಕೊಂಡು, ಮುಂದಿನ ತಂಡಕ್ಕೆ ಅದಕ್ಕಾಗಿಯೇ ಐದನೆಯ ಭಾನುವಾರವೊಂದನ್ನು ಸೇರಿಸುವುದಾಗಿ ಹೇಳಿದರು. ಆ ಒಂದು ದಿನಕ್ಕೆ ನಾನು ಈಗಲೇ ಹೆಸರು ಕೊಟ್ಟಿದ್ದೇನೆ.